ಪ್ರೋರಾ: ಯಾರೂ ರಜೆ ಕಳೆಯದ ಕಡಲತೀರದ ರಜಾ ಶಿಬಿರ. ಒಳಗೆ ಹೋಗಿ ನೋಡಬಹುದೇ?

ತಿರುಗಾಟ_ಪ್ರಿಯ

ಎಲ್ಲರಿಗೂ ನಮಸ್ಕಾರ. ಜರ್ಮನಿಯ ರ್ಯೂಗೆನ್ ದ್ವೀಪದಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ, ಹಿಟ್ಲರ್ ಕಾಲದಲ್ಲಿ ಕಟ್ಟಿದ ಪ್ರೋರಾ ಎಂಬ ದೈತ್ಯ ರಜಾ ಶಿಬಿರ ಇದೆಯಲ್ಲ, ಅದನ್ನು ನೋಡಲು ಬರ್ಲಿನ್‌ನಿಂದ ನಾಲ್ವರು ಹೊರಡುವವರಿದ್ದೇವೆ. ಒಡೆದ ಕಿಟಕಿ, ಕೊನೆಯೇ ಕಾಣದ ಕಾರಿಡಾರ್, ಗೋಡೆಯ ಬಿರುಕಲ್ಲಿ ಬೆಳೆದ ಗಿಡ, ಇಂಥ ಫೋಟೊ ನೆಟ್ಟಲ್ಲಿ ರಾಶಿ ಬಿದ್ದಿವೆ. ಮೂರು ಪ್ರಶ್ನೆ: ಒಳಗೆ ಹೋಗಲು ದಾರಿ ಇದೆಯೇ? ಒಂದು ದಿನ ಸಾಕೇ? ಯಾವುದು ಹಿಟ್ಲರ್ ಕಾಲದ್ದು, ಯಾವುದು ಆಮೇಲಿನದು ಅಂತ ಗುರುತು ಹಿಡಿಯುವುದು ಹೇಗೆ?

ಹಳೇನಕ್ಷೆ

ತಿರುಗಾಟ ಅವರೇ, ಮೊದಲು ಸ್ವಲ್ಪ ನಿರಾಸೆ ಮಾಡುತ್ತೇನೆ. ಆ ಥರದ ಫೋಟೊಗಳಲ್ಲಿ ಬಹಳಷ್ಟು ಹತ್ತು ಹದಿನೈದು ವರ್ಷ ಹಳೆಯವು. ಆಮೇಲೆ ಬ್ಲಾಕುಗಳು ಒಂದೊಂದಾಗಿ ಅಪಾರ್ಟ್‌ಮೆಂಟ್, ಹೋಟೆಲ್ ಆಗುತ್ತ ಬಂದವು. ಬೂದು ಗೋಡೆಗೆ ಬಿಳಿ ಬಣ್ಣ ಬಳಿದು, ಸಮುದ್ರದ ಕಡೆಗೆ ಬಾಲ್ಕನಿ ಜೋಡಿಸಿದ್ದಾರೆ. ಪಾಳು ಎನ್ನುವಂಥದ್ದು ಮುಖ್ಯವಾಗಿ ಉತ್ತರದ ಕಡೆ ಉಳಿದಿದೆ, ಅಲ್ಲಿ ಸ್ಫೋಟಿಸಿ ಬೀಳಿಸಿದ ಭಾಗಗಳ ಅವಶೇಷ ಕಾಡಿನೊಳಗೆ ಮಲಗಿದೆ.

ಎರಡನೆಯದು, ಇದನ್ನು ‘ಬಿಟ್ಟುಹೋದ ರಜಾ ಶಿಬಿರ’ ಎನ್ನುವುದೇ ತಪ್ಪು. ಬಿಟ್ಟುಹೋಗಲು ಯಾರೂ ಬಂದೇ ಇರಲಿಲ್ಲ.

1933ರ ಮೇ 2ರಂದು ನಾಜಿಗಳು ಜರ್ಮನಿಯ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ, ಆಸ್ತಿ ಕಿತ್ತುಕೊಂಡು, ಮುಖಂಡರನ್ನು ಬಂಧಿಸಿದರು. ಸಂಘಗಳ ಜಾಗಕ್ಕೆ ಬಂದದ್ದು ರಾಬರ್ಟ್ ಲೈ ಮುಖ್ಯಸ್ಥನಾಗಿದ್ದ ಜರ್ಮನ್ ಕಾರ್ಮಿಕ ರಂಗ. ಅದೇ ವರ್ಷದ ನವೆಂಬರ್‌ನಲ್ಲಿ ಅದರ ಅಡಿಯಲ್ಲಿ ‘ಕ್ರಾಫ್ಟ್ ಡುರ್ಖ್ ಫ್ರಾಯ್ಡೆ’, ಅಂದರೆ ‘ಸಂತೋಷದಿಂದ ಶಕ್ತಿ’, ಎಂಬ ವಿರಾಮ ಸಂಸ್ಥೆ ಹುಟ್ಟಿತು. ಅಲ್ಲಿನವರ ಬಾಯಲ್ಲಿ ಚಿಕ್ಕದಾಗಿ ಕಾ-ಡೇ-ಎಫ್. ಪ್ರೋರಾದ ಶಂಕುಸ್ಥಾಪನೆ ನಡೆದದ್ದು 1936ರ ಮೇ 2ರಂದು. ಸಂಘಗಳ ಕತ್ತು ಹಿಸುಕಿ ಸರಿಯಾಗಿ ಮೂರು ವರ್ಷಕ್ಕೆ, ಅದೇ ದಿನ. ಈ ತಾರೀಖು ನೆನಪಿಟ್ಟುಕೊಂಡು ಹೋದರೆ ಆ ಕಟ್ಟಡ ಬೇರೆಯೇ ಕಾಣುತ್ತದೆ.

ವಾಸ್ತುಶಿಲ್ಪಿ ಕ್ಲೆಮೆನ್ಸ್ ಕ್ಲೋಟ್ಸ್. ಐಫೆಲ್ ಬೆಟ್ಟಗಳಲ್ಲಿ ನಾಜಿ ಪಕ್ಷದ ನಾಯಕರ ತರಬೇತಿಗೆ ಕಟ್ಟಿದ ಫೋಗೆಲ್‌ಜಾಂಗ್ ಕೂಡ ಇವನದೇ. ಪ್ರೋರಾದ ನಕ್ಷೆಯಲ್ಲಿ ಇದ್ದದ್ದು ಒಂದೇ ಥರದ ಎಂಟು ಬ್ಲಾಕು, ಪ್ರತಿಯೊಂದೂ ಆರು ಮಹಡಿ, ಸುಮಾರು 500 ಮೀಟರ್ ಉದ್ದ. ಮಧ್ಯೆ ಮೆರವಣಿಗೆಯ ಮೈದಾನ, 20,000 ಜನ ಹಿಡಿಸುವ ಸಭಾಭವನ, ಕೃತಕ ಅಲೆಯ ಈಜುಕೊಳ, ಹಡಗು ನಿಲ್ಲಲು ಕಟ್ಟೆ. ಒಟ್ಟು ಉದ್ದ ನಾಲ್ಕೂವರೆ ಕಿಲೋಮೀಟರ್. ಈ ಯೋಜನೆಗೆ 1937ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಗ್ರ್ಯಾಂಡ್ ಪ್ರೀ ಪ್ರಶಸ್ತಿಯೂ ಸಿಕ್ಕಿತು. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದದ್ದೇ ಕೆಲಸ ನಿಂತಿತು. ಆಗ ಎದ್ದು ನಿಂತಿದ್ದದ್ದು ಬಹುಮಟ್ಟಿಗೆ ಬ್ಲಾಕುಗಳ ಬರೀ ಗೋಡೆ, ಚಾವಣಿ. ಸಭಾಭವನ, ಈಜುಕೊಳ ಕಾಗದದಲ್ಲೇ ಉಳಿದವು.

ಉತ್ತರದಗಾಳಿ

ಏನ ಅನ್ರಿ, ಕೂಲಿಕಾರರಿಗೆ ದಿನಕ್ಕ ಎರಡು ಮಾರ್ಕಿನಾಗ ಸಮುದ್ರ ಕಾಣೋ ಕೋಣಿ ಕೊಡಬೇಕು ಅನ್ನೋ ಆಲೋಚನೆ ಕೆಟ್ಟದಲ್ಲ. ಮಾಡಿದಾವ ಕೆಟ್ಟಾವ ಇರಬಹುದು, ಕಲ್ಪನೆ ಚಲೋ ಇತ್ತಲ್ಲ?

ಹಳೇನಕ್ಷೆ

ಉತ್ತರದಗಾಳಿಯವರೇ, ಅಗ್ಗದ ರಜೆ ಎಂಬ ಕಲ್ಪನೆ ಅವರು ಹುಟ್ಟುಹಾಕಿದ್ದಲ್ಲ. ಅದೇ 1936ರ ಏಪ್ರಿಲ್ 11ರಂದು, ಪ್ರೋರಾದ ಶಂಕುಸ್ಥಾಪನೆಗೆ ಮೂರು ವಾರ ಮುಂಚೆ, ಇಂಗ್ಲೆಂಡಿನ ಸ್ಕೆಗ್ನೆಸ್‌ನಲ್ಲಿ ಬಿಲ್ಲಿ ಬಟ್ಲಿನ್ ತನ್ನ ಮೊದಲ ರಜಾ ಶಿಬಿರ ತೆರೆದ. ಅಲ್ಲಿ ದುಡ್ಡು ಕೊಟ್ಟವರು ಬರುತ್ತಿದ್ದರು, ಬೇಡವೆಂದವರು ಬರುತ್ತಿರಲಿಲ್ಲ. ಇಲ್ಲಿ ದುಡ್ಡಿನ ಮೂಲ ಕಾರ್ಮಿಕ ಸಂಘಗಳಿಂದ ಕಿತ್ತುಕೊಂಡ ಆಸ್ತಿ, ಜೊತೆಗೆ ಕಾರ್ಮಿಕರ ಸಂಬಳದಿಂದ ಹೋಗುತ್ತಿದ್ದ ವಂತಿಗೆ. ಯಹೂದಿಗಳಿಗೆ ಪ್ರವೇಶವೇ ಇರಲಿಲ್ಲ. ರಜೆಯಲ್ಲೂ ಸಾಲಾಗಿ ನಿಲ್ಲಿಸಿ ಭಾಷಣ ಕೇಳಿಸುವುದಕ್ಕೆ ಅಂತಲೇ ಆ 20,000 ಜನರ ಭವನ. ನಿಮ್ಮ ಊರಿನ ಗಿರಣಿ ಕಾರ್ಮಿಕರ ಭವಿಷ್ಯನಿಧಿ ಮುಟ್ಟುಗೋಲು ಹಾಕಿ, ಅದರಲ್ಲಿ ಕಟ್ಟಿದ ಧರ್ಮಶಾಲೆಗೆ ಅವರನ್ನೇ ಕರೆದ ಹಾಗೆ.

ಸಿಮೆಂಟು_ಮರಳು

ರಾಜಕೀಯ ಒಂದು ಕಡೆ ಇಡುವ. ಆ ಉದ್ದ ಯಾಕೆ ಬಂತು ಅಂತ ಲೆಕ್ಕ ಹಾಕಿದ್ದೀರಾ ಮಾರಾಯ್ರೆ? ಬರೀ ದೊಡ್ಡಸ್ತಿಕೆ ಅಂತ ಎಲ್ಲರೂ ಬರೆಯುತ್ತಾರೆ. ಒಂದು ಭಾಗಾಕಾರ ಮಾಡಿ ನೋಡಿ.

ಷರತ್ತು ಎರಡೇ: 20,000 ಹಾಸಿಗೆ, ಪ್ರತಿ ಕೋಣೆಗೂ ಸಮುದ್ರದ ಕಡೆಗೆ ಕಿಟಕಿ. ಕೋಣೆಯ ಅಳತೆ ಸುಮಾರು 2.5 ಮೀಟರ್ ಅಗಲ, 5 ಮೀಟರ್ ಆಳ. ನಮ್ಮ ಲೆಕ್ಕದಲ್ಲಿ ಎಂಟು ಅಡಿಗೆ ಹದಿನಾರು ಅಡಿ. ಒಳಗೆ ಎರಡು ಮಂಚ, ಒಂದು ಕಪಾಟು, ಒಂದು ಕೈತೊಳೆಯುವ ಬೇಸಿನ್, ಅಷ್ಟೆ. ಕಕ್ಕಸು, ಸ್ನಾನದ ಮನೆ ಎಲ್ಲರಿಗೂ ಸೇರಿ, ನೆಲದ ಕಡೆ ಚಾಚಿದ ರೆಕ್ಕೆಗಳಲ್ಲಿ, ಮೆಟ್ಟಿಲಿನ ಪಕ್ಕ. ಎಲ್ಲ ಕೋಣೆಯೂ ಸಮುದ್ರಕ್ಕೇ ಮುಖ ಮಾಡಬೇಕು ಅಂದರೆ ಕಾರಿಡಾರಿನ ಎರಡೂ ಬದಿ ಕೋಣೆ ಹಾಕಲು ಆಗುವುದಿಲ್ಲ. ಒಂದೇ ಬದಿ.

ಎಂಟು ಬ್ಲಾಕು × 500 ಮೀಟರ್ = 4,000 ಮೀಟರ್ ಮುಖ. 2.5ರಿಂದ ಭಾಗಿಸಿ, ಮಹಡಿಗೆ 1,600 ಕೋಣೆ. ಆರು ಮಹಡಿಗೆ 9,600. ಕೋಣೆಗೆ ಇಬ್ಬರಂತೆ 19,200. ಬಂತಲ್ಲ 20,000ದ ಹತ್ತಿರ! ಮಧ್ಯದ ಮೈದಾನಕ್ಕೆ ಅರ್ಧ ಕಿಲೋಮೀಟರ್ ಸೇರಿಸಿ, ನಾಲ್ಕೂವರೆ. ಕಾರಿಡಾರಿನ ಎರಡೂ ಬದಿ ಕೋಣೆ ಹಾಕುವ ಮಾಮೂಲಿ ವಸತಿಗೃಹದ ನಕ್ಷೆ ಆಗಿದ್ದರೆ ಅರ್ಧ ಉದ್ದದಲ್ಲಿ ಮುಗಿಯುತ್ತಿತ್ತು. ಆಗ ಅರ್ಧ ಜನಕ್ಕೆ ಪೈನ್ ಮರ ಮಾತ್ರ ಕಾಣುತ್ತಿತ್ತು.

ಸಾಗಣೆ ಲೆಕ್ಕವೂ ಮಜಾ ಇದೆ. ವಾರಕ್ಕೊಮ್ಮೆ ಜನ ಬದಲಾದರೆ ದಿನಕ್ಕೆ ಸರಾಸರಿ 2,850 ಜನ ಬರಬೇಕು, ಅಷ್ಟೇ ಜನ ಹೋಗಬೇಕು. ಸಾವಿರ ಜನರ ರೈಲು ಅಂತ ಹಿಡಿದರೆ ದಿನಾ ಮೂರು ರೈಲು ಬರಲಿಕ್ಕೆ, ಮೂರು ಹೋಗಲಿಕ್ಕೆ. ದ್ವೀಪವನ್ನು ಮುಖ್ಯ ನೆಲಕ್ಕೆ ಸೇರಿಸುವ ರ್ಯೂಗೆನ್‌ಡಾಮ್ ಸೇತುವೆ-ಕಟ್ಟೆ ತೆರೆದದ್ದು ಅದೇ 1936ರಲ್ಲಿ. ಅದಿಲ್ಲದೆ ಈ ಯೋಜನೆ ತಲೆಕೆಳಗೆ ನಿಂತರೂ ಆಗುತ್ತಿರಲಿಲ್ಲ.

ತಿರುಗಾಟ_ಪ್ರಿಯ

ಈ ಲೆಕ್ಕ ಎಲ್ಲೂ ಓದಿರಲಿಲ್ಲ, ಧನ್ಯವಾದ. ಹಾಗಾದರೆ ಯುದ್ಧದಿಂದ ಈಚೆಗೆ ಒಳಗೆ ಇದ್ದವರು ಯಾರು?

ಹಳೇನಕ್ಷೆ

ಪದರ ಪದರವಾಗಿ ನೋಡಬೇಕು. ಯುದ್ಧಕಾಲದಲ್ಲಿ ಪೊಲೀಸ್ ಪಡೆಗಳಿಗೆ ಮತ್ತು ಸೇನೆಯ ಸಂಪರ್ಕ ವಿಭಾಗದ ಮಹಿಳಾ ಸಹಾಯಕಿಯರಿಗೆ ಇಲ್ಲಿ ತರಬೇತಿ ನಡೆಯಿತು. ಪೋಲೆಂಡ್, ಸೋವಿಯತ್ ಕಡೆಯಿಂದ ಎಳೆತಂದ ಬಲವಂತದ ಕಾರ್ಮಿಕರು ಕೆಲವು ಭಾಗಗಳಲ್ಲಿ ದುಡಿದರು. 1943ರಲ್ಲಿ ಹ್ಯಾಂಬುರ್ಗ್ ಬಾಂಬಿಗೆ ಉರಿದಾಗ ಮನೆ ಕಳೆದುಕೊಂಡವರನ್ನು ಇಲ್ಲಿ ಇರಿಸಿದರು. ಆಮೇಲೆ ಪೂರ್ವದಿಂದ ಓಡಿಬಂದ ನಿರಾಶ್ರಿತರು.

1945ರಲ್ಲಿ ಸೋವಿಯತ್ ಸೇನೆ ಬಂತು. ಬಳಸಬಹುದಾದ ಸಾಮಾನು ಕಳಚಿ ಒಯ್ದರು, ಕೆಲವು ಭಾಗ ಸ್ಫೋಟಿಸಿದರು. 1950ರ ದಶಕದಿಂದ ಪೂರ್ವ ಜರ್ಮನಿಯ ಸಶಸ್ತ್ರ ಪೊಲೀಸ್, 1956ರಿಂದ ಅದರ ಸೇನೆ. ಸುತ್ತಲೂ ನಿಷೇಧಿತ ವಲಯ. ನಾಲ್ಕೂವರೆ ಕಿಲೋಮೀಟರ್ ಸಮುದ್ರತೀರ ಸಾಮಾನ್ಯರ ಪಾಲಿಗೆ ಇಲ್ಲವೇ ಇಲ್ಲ ಎನ್ನುವ ಹಾಗೆ ಆಯಿತು.

ಹೆಚ್ಚಿನವರು ಬಿಟ್ಟುಬಿಡುವ ಅಧ್ಯಾಯ 1980ರ ದಶಕದ್ದು. ಬಂದೂಕು ಹಿಡಿಯಲ್ಲ ಎಂದವರಿಗಾಗಿ ಪೂರ್ವ ಜರ್ಮನಿ 1964ರಿಂದ ‘ಬೌಜೋಲ್ಡಾಟನ್’ ಎಂಬ ನಿರಾಯುಧ ಕಟ್ಟಡ-ಸೈನಿಕರ ವ್ಯವಸ್ಥೆ ಇಟ್ಟಿತ್ತು. ಭುಜಪಟ್ಟಿಯ ಮೇಲೆ ಗುದ್ದಲಿಯ ಗುರುತು, ಹಾಗಾಗಿ ಜನರ ಬಾಯಲ್ಲಿ ‘ಗುದ್ದಲಿ ಸೈನಿಕರು’. ಹತ್ತಿರದ ಮುಕ್ರಾನ್ ಬಂದರು ಕಟ್ಟಲು ಇವರನ್ನು ಪ್ರೋರಾದಲ್ಲಿ ಇರಿಸಿ ದುಡಿಸಿದರು. 1986ರಲ್ಲಿ ಅಲ್ಲಿಂದ ಲಿಥುವೇನಿಯಾದ ಕ್ಲಾಯ್ಪೆಡಾಕ್ಕೆ ರೈಲುಗಾಡಿಗಳನ್ನೇ ಹೊತ್ತೊಯ್ಯುವ ಹಡಗು ಶುರುವಾಯಿತು.

ಕಡಲಕೋಣೆ

ಶೀರ್ಷಿಕೆಗೆ ಒಂದು ತಿದ್ದುಪಡಿ. ‘ಯಾರೂ ರಜೆ ಕಳೆಯದ’ ಎನ್ನುವಂತಿಲ್ಲ. ಪೂರ್ವ ಜರ್ಮನಿಯ ಸೇನೆ ಇದರ ಒಂದು ಭಾಗವನ್ನು ‘ವಾಲ್ಟರ್ ಉಲ್ಬ್ರಿಖ್ಟ್ ಹೈಮ್’ ಎಂಬ ಹೆಸರಲ್ಲಿ (ಉಲ್ಬ್ರಿಖ್ಟ್ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ನಾಯಕ) ತನ್ನವರ ವಿಹಾರಧಾಮ ಮಾಡಿಕೊಂಡಿತ್ತು. ನಾಜಿಗಳು ಕಟ್ಟಿದ ರಜಾ ಶಿಬಿರದಲ್ಲಿ ಕಡೆಗೂ ರಜೆ ಕಳೆದವರು ಕಮ್ಯುನಿಸ್ಟ್ ಸೇನೆಯವರು ಮತ್ತು ಅವರ ಮನೆಯವರು. ಒಂದೇ ಕಟ್ಟಡದ ಒಂದು ತುದಿಯಲ್ಲಿ ಅವರು ಬಿಸಿಲು ಕಾಯಿಸುತ್ತಿದ್ದರು, ಇನ್ನೊಂದು ಕಡೆ ಗುದ್ದಲಿಯವರು.

ಹಳೇನಕ್ಷೆ

ಒಪ್ಪಿದೆ. ‘ಯಾವ ಕಾ-ಡೇ-ಎಫ್ ಅತಿಥಿಯೂ ಬಾರದ’ ಅಂತ ಓದಿಕೊಳ್ಳಿ.

ಸಿಮೆಂಟು_ಮರಳು

ಈಗ ಮೂರನೇ ಪ್ರಶ್ನೆಗೆ, ಗುರುತು ಹಿಡಿಯುವುದು.

1939ರಲ್ಲಿ ನಿಂತಿದ್ದದ್ದು ಬರೀ ಅಸ್ಥಿಪಂಜರ. ಹಾಗಾಗಿ ಕಿಟಕಿ ಚೌಕಟ್ಟು, ಬಾಗಿಲು, ಗಿಲಾವು, ವಯರಿಂಗ್, ಬಿಸಿನೀರಿನ ರೇಡಿಯೇಟರ್, ನೆಲದ ಲಿನೋಲಿಯಂ, ಇದನ್ನೆಲ್ಲ ಕಂಡು ‘ನಾಜಿ ಕಾಲದ್ದು’ ಅಂತ ಫೋಟೊ ಹಾಕಬೇಡಿ. ಹಳೆಯ ಫೋಟೊಗಳ ಅಡಿಬರಹದಲ್ಲಿ ಹೆಚ್ಚು ಕಾಣುವ ತಪ್ಪು ಇದೇ. ಅವೆಲ್ಲ ಬಹುಮಟ್ಟಿಗೆ ಪೂರ್ವ ಜರ್ಮನಿ ಸೇನೆಯ ಕಾಲದವು. 1930ರ ದಶಕದ್ದು ಅಂದರೆ ಆಕಾರ: ಕೊಲ್ಲಿಯ ಬಾಗಿನ ಜೊತೆ ತಾನೂ ಬಾಗುವ ಸಾಲು, ನೆಲದ ಕಡೆಗೆ ಬಾಚಣಿಗೆಯ ಹಲ್ಲಿನಂತೆ ಚಾಚಿದ ಮೆಟ್ಟಿಲಿನ ರೆಕ್ಕೆಗಳು, ಸಮುದ್ರದ ಕಡೆಗೆ ಹಡಗಿನ ಮೂತಿಯಂತೆ ಮುಂದೆ ಬಂದ ಸಮುದಾಯ ಭವನಗಳ ಉಳಿಕೆ, ಮತ್ತು ತೀರದ ಕಾಂಕ್ರೀಟ್ ಕಟ್ಟೆ.

ಉತ್ತರದ ಅವಶೇಷದಲ್ಲಿ ಇಟ್ಟಿಗೆ ಮತ್ತು ಕಾಂಕ್ರೀಟಿನ ಅಡ್ಡಕೊಯ್ತ ಹೊರಗಿನಿಂದಲೇ ಕಾಣುತ್ತದೆ. ಒಡೆದ ಸ್ಲ್ಯಾಬಿನಿಂದ ಇಣುಕುವ ಕಬ್ಬಿಣದ ಸಲಾಕೆ ನೋಡಿ. ನುಣುಪಾದ ದುಂಡು ಸಲಾಕೆಯಾದರೆ ಹಳೆಯದು ಎನ್ನಲು ಒಳ್ಳೆಯ ಸೂಚನೆ. ಈಗಿನ ಟಾರ್ ಸರಳಿನ ಹಾಗೆ ಏಣುಗಳಿದ್ದರೆ ಆಮೇಲೆ ಸೇರಿಸಿದ್ದು ಇರಬೇಕು. ನೂರಕ್ಕೆ ನೂರು ಖಾತ್ರಿ ಅಲ್ಲ, ಇತರ ಗುರುತುಗಳ ಜೊತೆ ಇಟ್ಟು ನೋಡಬೇಕು.

ಮೂರನೇಕಣ್ಣು

ಸಿಮೆಂಟು ಅವರೇ, ಸಮುದ್ರದಿಂದ 150 ಮೀಟರ್ ದೂರದಲ್ಲಿ ಎಂಬತ್ತು ವರ್ಷ ನಿಂತರೂ ಆ ಕಾಂಕ್ರೀಟ್ ಇಷ್ಟು ಗಟ್ಟಿ ಹೇಗೆ? ಮಲ್ಪೆ, ಕಾರವಾರದ ಕಡೆ ಮೂವತ್ತು ವರ್ಷಕ್ಕೇ ಸಜ್ಜೆಯ ಅಡಿಭಾಗ ಉದುರುತ್ತದಲ್ಲ.

ಸಿಮೆಂಟು_ಮರಳು

ಒಳ್ಳೆ ಪ್ರಶ್ನೆ. ಮುಖ್ಯ ವ್ಯತ್ಯಾಸ ಉಪ್ಪು. ಅರಬ್ಬಿ ಸಮುದ್ರದ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಾದರೆ, ರ್ಯೂಗೆನ್ ಹತ್ತಿರದ ಬಾಲ್ಟಿಕ್‌ನಲ್ಲಿ 8 ಗ್ರಾಂ ಆಸುಪಾಸು. ನದಿ ನೀರು ಜಾಸ್ತಿ, ಹೊರ ಸಮುದ್ರದ ಸಂಪರ್ಕ ಕಡಿಮೆ. ಸರಳಿಗೆ ತುಕ್ಕು ಹಿಡಿಸುವುದು ಉಪ್ಪಿನ ಕ್ಲೋರೈಡ್, ಗಾಳಿಯಲ್ಲಿ ಹಾರಿಬರುವ ಅದೂ ಅಷ್ಟೇ ಕಡಿಮೆ. ಜೊತೆಗೆ ಸೆಖೆ ಇಲ್ಲ, ತುಕ್ಕಿನ ರಾಸಾಯನಿಕ ಕ್ರಿಯೆ ನಿಧಾನ.

ಹಾಗಂತ ಏನೂ ಆಗುವುದಿಲ್ಲ ಅಂತಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನೊಳಗೆ ಇಳಿದು ಅದರ ಕ್ಷಾರ ಗುಣ ಕಳೆಯುತ್ತದೆ. ಹೊಸ ಕಾಂಕ್ರೀಟಿನ ಪಿಎಚ್ 12.5ಕ್ಕಿಂತ ಮೇಲೆ, ಅದು 9ರ ಹತ್ತಿರ ಇಳಿದಾಗ ಸರಳಿನ ಮೇಲಿನ ರಕ್ಷಣೆಯ ಪೊರೆ ಹೋಗುತ್ತದೆ. ಇಳಿಯುವ ಆಳ ವರ್ಷಗಳ ವರ್ಗಮೂಲದ ಜೊತೆ ಬೆಳೆಯುತ್ತದೆ. ಉದಾಹರಣೆಗೆ ಆ ವರ್ಗಮೂಲವನ್ನು ಗುಣಿಸುವ ಗುಣಾಂಕ 4 ಮಿಲಿಮೀಟರ್ ಅಂತ ಹಿಡಿದರೆ, 25 ಮಿಲಿಮೀಟರ್ ಕವರ್ (ಸರಳನ್ನು ಮುಚ್ಚಿದ ಕಾಂಕ್ರೀಟ್ ಪದರ) ದಾಟಲು 25ನ್ನು 4ರಿಂದ ಭಾಗಿಸಿ ವರ್ಗ ಮಾಡಿ, 39 ವರ್ಷ. ಕವರ್ 15 ಮಿಲಿಮೀಟರ್ ಮಾತ್ರ ಇದ್ದರೆ 14 ವರ್ಷಕ್ಕೇ ಸರಳು ಮುಟ್ಟುತ್ತದೆ. ಮೇಸ್ತ್ರಿ ಕವರ್ ಬ್ಲಾಕ್ ಇಡದೆ ಸರಳನ್ನು ಶಟರಿಂಗಿಗೆ ತಾಗಿಸಿದರೆ ಏನಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತಿನ್ನುತ್ತದೆ, ಕಾಂಕ್ರೀಟು ಒಳಗಿನಿಂದ ಸಿಡಿಯುತ್ತದೆ.

ಅಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ, ಹಿಮ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತು ಭಾಗ ಹಿಗ್ಗುತ್ತದೆ. ಚಾವಣಿ ಇಲ್ಲದ ಕಡೆ ಪ್ರತಿ ಚಳಿಗಾಲವೂ ಉಳಿ ಹಿಡಿದು ಕೂತ ಹಾಗೆ. ಸೂರು ಉಳಿದ ಬ್ಲಾಕು ಗಟ್ಟಿ, ಸೂರು ಹೋದದ್ದು ಪುಡಿ ಪುಡಿ, ಇಷ್ಟೇ ಗುಟ್ಟು.

(ಯಾರೋ ಕೇಳುವ ಮೊದಲೇ ಹೇಳುತ್ತೇನೆ: ಕ್ಷಾರ ಗುಣ ಉಳಿದಿದೆಯೇ ಅಂತ ತಿಳಿಯಲು ಫಿನಾಲ್ಫ್ತಲೀನ್ ಎಂಬ ದ್ರಾವಣ ಚಿಮುಕಿಸಿ ಗುಲಾಬಿ ಬಣ್ಣ ನೋಡುವ ಪ್ರಯೋಗ ಅಲ್ಲಿ ಬೇಡ. ಅದು 1994ರಿಂದ ಸಂರಕ್ಷಿತ ಸ್ಮಾರಕ.)

ತಿರುಗಾಟ_ಪ್ರಿಯ

ಉತ್ತರದ ಅವಶೇಷದ ಬೇಲಿಯಲ್ಲಿ ಸಂದಿ ಇದೆ, ನುಗ್ಗಬಹುದು ಎನ್ನುವ ವಿಡಿಯೊಗಳಿವೆ. ನಿಜವಾಗಿ ಎಷ್ಟು ಅಪಾಯ?

ನಿರ್ವಾಹಕ

ಬೇಲಿ ದಾಟುವ ಜಾಗ, ಸಂದಿಯ ಗುರುತು ಇಲ್ಲಿ ಹಾಕಬೇಡಿ, ಅಂಥ ಪೋಸ್ಟ್ ತೆಗೆಯುತ್ತೇವೆ. ಅಪಾಯ ಮತ್ತು ಕಾನೂನು ಚರ್ಚಿಸಲು ಅಡ್ಡಿಯಿಲ್ಲ.

ಕಡಲಕೋಣೆ

ಕಾನೂನು ಚಿಕ್ಕದಾಗಿ. ಜರ್ಮನ್ ದಂಡಸಂಹಿತೆಯ ಕಲಂ 123: ಬೇಲಿ ಹಾಕಿದ ಜಾಗಕ್ಕೆ ಅನುಮತಿಯಿಲ್ಲದೆ ನುಗ್ಗಿದರೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆ. ಮಾಲೀಕರು ದೂರು ಕೊಟ್ಟರೆ ಮಾತ್ರ ಮುಂದುವರಿಯುತ್ತದೆ ಎಂಬುದು ನಿಜ. ಆದರೆ ವೀಸಾದ ಮೇಲೆ ಇರುವವರು ‘ಕೊಡಲಿಕ್ಕಿಲ್ಲ’ ಎಂಬ ನಂಬಿಕೆಯ ಮೇಲೆ ಹೋಗುವುದು ಜಾಣತನವಲ್ಲ. ಬೇಲಿ ಮುರಿದಿದೆ ಅಂದಾಕ್ಷಣ ಅನುಮತಿ ಇದೆ ಅಂತಲೂ ಅಲ್ಲ.

ಡ್ರೋನ್ ತರುವುದಾದರೆ: ಕ್ಯಾಮೆರಾ ಇರುವ ಡ್ರೋನ್ 250 ಗ್ರಾಂಗಿಂತ ಕಡಿಮೆ ತೂಗಿದರೂ ಹಾರಿಸುವವರ ನೋಂದಣಿ ಬೇಕು, ವಿಮೆ ಕಡ್ಡಾಯ. ಪ್ರಕೃತಿ ಮೀಸಲು ಪ್ರದೇಶದ ಮೇಲೆ, ಜನರ ಮನೆಯ ಮೇಲೆ ಹಾರಿಸುವಂತಿಲ್ಲ. ಬ್ಲಾಕುಗಳಲ್ಲಿ ಈಗ ಜನ ವಾಸವಿದ್ದಾರೆ. ಒಟ್ಟಿನಲ್ಲಿ ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ.

ಸಿಮೆಂಟು_ಮರಳು

ಅಪಾಯದ ಬಗ್ಗೆ. ಇಂಥ ಕಟ್ಟಡದಲ್ಲಿ ಜನ ತಲೆಯ ಮೇಲೆ ನೋಡುತ್ತಾರೆ, ಕಾಲಡಿ ನೋಡುವುದಿಲ್ಲ. ಲಿಫ್ಟಿನ ಗುಂಡಿ, ಪೈಪಿನ ಗುಂಡಿ, ಮುಚ್ಚಳ ಕಳವಾದ ಮ್ಯಾನ್‌ಹೋಲ್, ಇವುಗಳ ಮೇಲೆ ಎಲೆ ಮುಚ್ಚಿಕೊಂಡಿರುತ್ತದೆ. ಗೋಡೆಯ ಅಂಚಿಗೆ ಹೋಗಿ ಸಮುದ್ರದ ಫೋಟೊ ತೆಗೆಯುವವರು ನಿಲ್ಲುವುದು ಸ್ಲ್ಯಾಬಿನ ಚಾಚಿದ ತುದಿಯಲ್ಲಿ. ಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಸರಳು ಮೇಲುಗಡೆ ಇರುತ್ತದೆ, ಅದು ತುಕ್ಕು ತಿಂದಿದ್ದರೆ ಅಡಿಯಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಬೀಳುವಾಗ ಮುನ್ಸೂಚನೆ ಕೊಡದೆ ಬೀಳುತ್ತದೆ. ಸ್ಫೋಟಿಸಿದ ಕಟ್ಟಡದಲ್ಲಿ ಇನ್ನೂ ಕಷ್ಟ, ಯಾವ ಭಾರ ಎಲ್ಲಿ ಕೂತಿದೆ ಅಂತ ಲೆಕ್ಕ ಹಾಕಲು ನಕ್ಷೆಯೂ ಸಹಾಯಕ್ಕೆ ಬರುವುದಿಲ್ಲ.

ಕಲ್ನಾರು ಎರಡನೆಯದು. ಜರ್ಮನಿ ಅದನ್ನು ಪೂರ್ತಿ ನಿಷೇಧಿಸಿದ್ದು 1993ರಲ್ಲಿ. ಅದಕ್ಕೆ ಮೊದಲಿನ ಶೀಟು, ಪೈಪಿನ ಸುತ್ತಿನ ಹೊದಿಕೆ, ಕಿಟಕಿಯ ಹಲಗೆ ಇಂಥದ್ದರಲ್ಲಿ ಇರಬಹುದು ಎಂದೇ ತಿಳಿಯಬೇಕು. ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಇದಕ್ಕೆ ಪ್ರಯೋಜನವಿಲ್ಲ. ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು, ಅದೂ ಗಡ್ಡ ಬಿಟ್ಟವರ ಮುಖಕ್ಕೆ ಸರಿಯಾಗಿ ಅಂಟುವುದಿಲ್ಲ. ಪುಡಿ ಎಬ್ಬಿಸದಿರುವುದೇ ಮುಖ್ಯ.

ಮೂರನೆಯದು ಹೊರಗೇ ಇದೆ, ಹುಲ್ಲಿನಲ್ಲಿ ಉಣುಗು. ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಅಲ್ಲಿ ಮಂಗನ ಕಾಯಿಲೆ ಇಲ್ಲ, ಆದರೆ ಉಣುಗಿನಿಂದ ಬರುವ ಲೈಮ್ ರೋಗ ಇದೆ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ. ಸಂಜೆ ಮೊಣಕಾಲಿನ ಹಿಂಭಾಗ, ಕಂಕುಳು, ಸೊಂಟ ತಡವಿ ನೋಡಿ. ಸಿಕ್ಕರೆ ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ ಕೆಲವು ವಾರದಲ್ಲಿ ಅಲ್ಲಿ ಕೆಂಪು ಉಂಗುರ ಹರಡಿದರೆ ವೈದ್ಯರಿಗೆ ತೋರಿಸಿ.

ಉತ್ತರದಗಾಳಿ

ಹಂಗಾದ್ರ ನೋಡಾಕ ಉಳಿದದ್ದೇನ್ರಿ?

ಮೂರನೇಕಣ್ಣು

ಬಹಳ ಇದೆ, ಬೇಲಿ ದಾಟದೆಯೇ. ಒಂದು ದಿನದ ನಡಿಗೆ ಹೀಗಿಟ್ಟುಕೊಳ್ಳಿ.

ಬರ್ಲಿನ್‌ನಿಂದ ಶ್ಟ್ರಾಲ್‌ಜುಂಡ್, ಅಲ್ಲಿಂದ ದ್ವೀಪದೊಳಕ್ಕೆ ಪ್ರಾದೇಶಿಕ ರೈಲು. ಲಿಟ್ಸೊ-ಬಿನ್ಸ್ ಹಳಿಯಲ್ಲಿ ಮೊದಲು ಪ್ರೋರಾ, ಆಮೇಲೆ ಪ್ರೋರಾ ಓಸ್ಟ್, ಕೊನೆಗೆ ಬಿನ್ಸ್. ಎರಡು ಪ್ರೋರಾ ಇರುವುದು ತಿಳಿಯದೆ ಜನ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಗೆಳೆಯರಿಗೆ ಕಾಯುತ್ತಾರೆ. ಡಾಯ್ಚ್‌ಲಂಡ್ ಟಿಕೆಟ್ ಎಂಬ ದೇಶವ್ಯಾಪಿ ತಿಂಗಳ ಪಾಸ್ ಪ್ರಾದೇಶಿಕ ರೈಲಿಗೆ ನಡೆಯುತ್ತದೆ, ಅದರಲ್ಲಿ ಐಸಿಇ ಎಂಬ ವೇಗದ ರೈಲು ಹತ್ತಿದರೆ ದಂಡ. ರಾತ್ರಿ ತಂಗಿದರೆ ಬಿನ್ಸ್ ಪಂಚಾಯತಿಯ ಕುರ್‌ಟಾಕ್ಸೆ ಎಂಬ ವಿಹಾರ ತೆರಿಗೆ ಕೊಡಬೇಕು, ಪ್ರೋರಾ ಅದರ ವ್ಯಾಪ್ತಿಯಲ್ಲೇ ಬರುತ್ತದೆ.

ಬೆಳಕು: ಕಟ್ಟಡದ ಮುಖ ಪೂರ್ವಕ್ಕೆ. ಸಮುದ್ರದ ಕಡೆಯ ಚಿತ್ರ ಬೆಳಗ್ಗೆ, ಮೆಟ್ಟಿಲಿನ ರೆಕ್ಕೆಗಳ ಕಡೆ ಮಧ್ಯಾಹ್ನದ ನಂತರ. ಮಧ್ಯಾಹ್ನ ಬಂದು ಸಮುದ್ರದಿಂದ ತೆಗೆದರೆ ಇಡೀ ಗೋಡೆ ನೆರಳಲ್ಲಿ ಮಂಕಾಗುತ್ತದೆ. ಜೂನ್‌ನಲ್ಲಿ ಸೂರ್ಯ ಐದಕ್ಕೂ ಮುಂಚೆ ಹುಟ್ಟುತ್ತಾನೆ. ಡಿಸೆಂಬರ್‌ನಲ್ಲಿ ನಡುಮಧ್ಯಾಹ್ನವೂ ದಿಗಂತದಿಂದ 12 ಡಿಗ್ರಿ ಮಾತ್ರ ಮೇಲೆ, ಹಗಲು ಏಳು ಗಂಟೆ ಚಿಲ್ಲರೆ.

ಉದ್ದವನ್ನು ಚಿತ್ರದಲ್ಲಿ ಹಿಡಿಯಲು ವೈಡ್ ಲೆನ್ಸ್ ಹಾಕುವುದು ಸಾಮಾನ್ಯ ತಪ್ಪು. ಪಕ್ಕದ ಬ್ಲಾಕು ಬೆಂಕಿಪೊಟ್ಟಣ ಆಗಿಬಿಡುತ್ತದೆ. ದೂರದ ತೀರದಿಂದ 100ರಿಂದ 200 ಮಿಲಿಮೀಟರ್ ಲೆನ್ಸಲ್ಲಿ ತೆಗೆದರೆ ಬಾಗು ಒತ್ತಿಕೊಂಡು ಕಾಣುತ್ತದೆ. ಎತ್ತರದಿಂದ ಬೇಕಾದರೆ ಪ್ರೋರಾದಲ್ಲೇ 2013ರಲ್ಲಿ ತೆರೆದ ಮರದ ತುದಿಯ ನಡಿಗೆ ಇದೆ: 1,250 ಮೀಟರ್ ಹಾದಿ, 40 ಮೀಟರ್ ಗೋಪುರ, ಇಳಿಜಾರು ದಾರಿಯಾದ್ದರಿಂದ ಗಾಲಿಕುರ್ಚಿಯೂ ಹತ್ತುತ್ತದೆ.

ಒಳಗಿನ ಅಳತೆ ಮೈಗೆ ತಿಳಿಯಬೇಕೆಂದರೆ ಬ್ಲಾಕ್ 5ರ ಯುವಜನ ವಸತಿಗೃಹದಲ್ಲಿ ಒಂದು ರಾತ್ರಿ ತಂಗಿ. 2011ರಲ್ಲಿ ತೆರೆದದ್ದು, ಸುಮಾರು 400 ಹಾಸಿಗೆ. ಕಾನೂನುಬದ್ಧವಾಗಿ ಒಳಗೆ ಹೋಗುವ ಅಗ್ಗದ ದಾರಿ ಅದೇ.

ಹಳೇನಕ್ಷೆ

ಅದರ ಜೊತೆ ಪ್ರೋರಾ ದಾಖಲೆ ಕೇಂದ್ರ ಬಿಡಬೇಡಿ, 2000ದಿಂದ ಇದೆ. ನಾಜಿ ಕಾಲದ ನಕ್ಷೆ, ಮಾದರಿ ನೋಡಲು ಅಲ್ಲಿಗೆ. ಗುದ್ದಲಿ ಸೈನಿಕರ ಬಗ್ಗೆ ತಿಳಿಯಲು ಪ್ರೋರಾ ಸೆಂಟ್ರುಮ್ ಎಂಬ ಬೇರೆ ಸಂಸ್ಥೆ. ಎರಡೂ ಒಂದೇ ಅಂತ ತಿಳಿದು ಒಂದನ್ನು ನೋಡಿ ವಾಪಸಾಗುವವರೇ ಹೆಚ್ಚು. ಮಾರಾಟ, ದುರಸ್ತಿ ನಡೆಯುತ್ತಲೇ ಇರುವುದರಿಂದ ಪ್ರದರ್ಶನದ ಜಾಗ ಬದಲಾಗಿರಬಹುದು, ಹೊರಡುವ ವಾರ ಅವರ ಪುಟದಲ್ಲಿ ವಿಳಾಸ, ಸಮಯ ನೋಡಿಕೊಳ್ಳಿ.

ಕಡಲಕೋಣೆ

ಸ್ಮಾರಕವನ್ನು ಅಪಾರ್ಟ್‌ಮೆಂಟ್ ಮಾಡಲು ಹೇಗೆ ಬಿಟ್ಟರು ಎಂಬ ಪ್ರಶ್ನೆ ಯಾರೂ ಎತ್ತಲಿಲ್ಲ. ಅದರ ಹಿಂದೆ ತೆರಿಗೆಯ ಲೆಕ್ಕ ಇದೆ. ಜರ್ಮನ್ ಆದಾಯ ತೆರಿಗೆ ಕಾಯ್ದೆಯ ಕಲಂ 7ಐ ಪ್ರಕಾರ, ಸಂರಕ್ಷಿತ ಕಟ್ಟಡ ಕೊಂಡು ಬಾಡಿಗೆಗೆ ಕೊಡುವವರು ದುರಸ್ತಿಯ ಖರ್ಚನ್ನು ಮೊದಲ ಎಂಟು ವರ್ಷ ಶೇ. 9ರಂತೆ, ಮುಂದಿನ ನಾಲ್ಕು ವರ್ಷ ಶೇ. 7ರಂತೆ ಆದಾಯದಿಂದ ಕಳೆಯಬಹುದು. ಕೂಡಿಸಿ, 72 ಮತ್ತು 28, ಹನ್ನೆರಡು ವರ್ಷದಲ್ಲಿ ನೂರಕ್ಕೆ ನೂರು. ಕೊಳ್ಳುವವರು ಸಿಕ್ಕಿದ್ದರಲ್ಲಿ ಈ ಲೆಕ್ಕದ ಪಾಲು ಸಣ್ಣದಲ್ಲ. ಪಾಳು ಬೀಳುವುದಕ್ಕಿಂತ ಜನ ಇರುವುದು ಮೇಲು ಎನ್ನುವ ಪಕ್ಷ ನನ್ನದು. ಬಾಲ್ಕನಿ ಮಾತ್ರ ತಪ್ಪು. ಒಂದೇ ಥರದ ಸಾವಿರಾರು ಕಿಟಕಿಗಳ ಸಾಲೇ ಆ ಕಟ್ಟಡದ ಮುಖ, ಅದನ್ನೇ ಮುಚ್ಚಿಬಿಟ್ಟರು.

ಹಳೇನಕ್ಷೆ

ನನಗೆ ಅರ್ಧ ಒಪ್ಪಿಗೆ. ಜನ ಇರಲಿ, ಆದರೆ ಒಂದು ಬ್ಲಾಕನ್ನಾದರೂ ಏನೂ ಮಾಡದೆ, ಸೂರು ಮಾತ್ರ ಭದ್ರಪಡಿಸಿ ಬಿಡಬೇಕಿತ್ತು.

ಇಂಗ್ಲೆಂಡಿನಲ್ಲಿ ಏನಾಯಿತು ನೋಡಿ. ಬಟ್ಲಿನ್‌ನ ಫೈಲಿ ಶಿಬಿರ 1939ರಲ್ಲಿ ಕಟ್ಟಲು ಶುರುವಾಗಿ, ಯುದ್ಧದಲ್ಲಿ ವಾಯುಪಡೆಯ ನೆಲೆಯಾಗಿ, 1945ರಲ್ಲಿ ರಜೆಯವರಿಗೆ ತೆರೆಯಿತು. 1947ರಲ್ಲಿ ಅದಕ್ಕೆಂದೇ ರೈಲು ನಿಲ್ದಾಣ. ಜನ ಕಾರಿನಲ್ಲಿ ಬರತೊಡಗಿದರು, 1977ರಲ್ಲಿ ನಿಲ್ದಾಣ ಮುಚ್ಚಿತು. ಸ್ಪೇನಿನ ಬಿಸಿಲು ವಿಮಾನದಲ್ಲಿ ಅಗ್ಗಕ್ಕೆ ಸಿಗತೊಡಗಿತು, 1983ರಲ್ಲಿ ಶಿಬಿರವೂ ಮುಚ್ಚಿತು. 1986ರಲ್ಲಿ ಬೇರೆ ಹೆಸರಲ್ಲಿ ತೆರೆದು ಕೆಲವೇ ವಾರದಲ್ಲಿ ಕೈಚೆಲ್ಲಿದರು. ಆಮೇಲೆ ವರ್ಷಗಟ್ಟಲೆ ಪಾಳು, ಈಗ ಆ ಜಾಗದಲ್ಲಿ ಹೊಸ ರಜಾ ಮನೆಗಳು. ಅಲ್ಲಿನವು ಹಗುರ ಒಂಟಿಮನೆಗಳು, ನೆಲಸಮ ಮಾಡಲು ಕಷ್ಟವೇನಿರಲಿಲ್ಲ. ಲಕ್ಷಾಂತರ ಜನ ನಿಜವಾಗಿ ರಜೆ ಕಳೆದ ಶಿಬಿರದ ಗುರುತು ಅಳಿಯಿತು, ರಜೆಯೇ ನಡೆಯದ್ದು ನಿಂತಿದೆ.

ತಿರುಗಾಟ_ಪ್ರಿಯ

ಎಲ್ಲರಿಗೂ ತುಂಬಾ ಧನ್ಯವಾದ. ಬೇಲಿ ದಾಟುವ ಯೋಚನೆ ಬಿಟ್ಟೆವು. ಕೊನೆಯದಾಗಿ, ಸಂಜೆ ತೀರದಲ್ಲಿ ಅಂಬರ್ (ಕಲ್ಲಾದ ಮರದಂಟು) ಹುಡುಕಬಹುದಾ? ಮತ್ತೆ ಆ ಚಕಮಕಿ ಕಲ್ಲಿನ ಬಯಲು ಹತ್ತಿರವೇ ಅಂತೆ?

ಕಡಲಕೋಣೆ

ಚಕಮಕಿ ಕಲ್ಲಿನ ಬಯಲು ಉತ್ತರಕ್ಕೆ, ಮುಕ್ರಾನ್ ಕಡೆ, ಸುಮಾರು ಎರಡು ಕಿಲೋಮೀಟರ್ ಉದ್ದ. ಸಾವಿರಾರು ವರ್ಷ ಹಿಂದಿನ ಬಿರುಗಾಳಿಯ ಅಲೆಗಳು ದಿಬ್ಬ ದಿಬ್ಬವಾಗಿ ಒಟ್ಟಿದ ಕಲ್ಲು. ಪ್ರಕೃತಿ ಮೀಸಲು, ಒಂದು ಕಲ್ಲೂ ತರುವಂತಿಲ್ಲ. ಗಟ್ಟಿ ಅಟ್ಟೆಯ ಬೂಟು ಬೇಕು, ಹವಾಯಿ ಚಪ್ಪಲಿಯಲ್ಲಿ ಕಣಕಾಲು ಉಳುಕುತ್ತದೆ.

ಅಂಬರ್ ವಿಷಯದಲ್ಲಿ ಎಚ್ಚರ. ಯುದ್ಧಕಾಲದ ಬೆಂಕಿ ಬಾಂಬಿನ ಬಿಳಿ ರಂಜಕದ ತುಂಡು ಕೂಡ ಹಳದಿಯಾಗಿ, ಅಂಬರಿನ ಹಾಗೇ ಕಾಣುತ್ತದೆ. ನಾಜಿಗಳ ರಾಕೆಟ್ ಕೇಂದ್ರವಾಗಿದ್ದು ಬಾಂಬ್ ದಾಳಿಗೆ ಸಿಕ್ಕ ಪೇನೆಮ್ಯುಂಡೆ ಇರುವ ಉಸೆಡೊಮ್ ದ್ವೀಪದ ಕಡೆ ಹೆಚ್ಚು, ಆದರೆ ಆ ಇಡೀ ಕರಾವಳಿಯಲ್ಲಿ ಜಾಗ್ರತೆ ಬೇಕು. ಒದ್ದೆ ಇರುವವರೆಗೆ ಸುಮ್ಮನಿರುತ್ತದೆ. ಜೇಬಲ್ಲಿ ಒಣಗಿ, ಮೈಬಿಸಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೆಕ್ಕಿದ್ದನ್ನು ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕಿ, ಡಬ್ಬಿಯನ್ನೂ ಜೇಬಿಗೆ ಹಾಕಬೇಡಿ, ಕೈಚೀಲದಲ್ಲಿ ದೂರ ಹಿಡಿಯಿರಿ. ಒಣಗಿದ ಮೇಲೆ ಹೊಗೆಯಾಡಿದರೆ ಡಬ್ಬಿ ಅಲ್ಲೇ ಮರಳ ಮೇಲಿಟ್ಟು ದೂರ ಸರಿದು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಸಿಮೆಂಟು_ಮರಳು

ಹೋದಾಗ ಒಂದು ಕೆಲಸ ಮಾಡಿ ಮಾರಾಯ್ರೆ. ಬಾಲ್ಕನಿ ಜೋಡಿಸದ ಭಾಗ ಎಲ್ಲಾದರೂ ಉಳಿದಿದ್ದರೆ, ಸಮುದ್ರದ ಕಡೆಯ ಸಾರ್ವಜನಿಕ ಹಾದಿಯಲ್ಲಿ ಹನ್ನೊಂದು ಕಿಟಕಿ ಎಣಿಸಿ. ಮೊದಲ ಕಿಟಕಿಯ ನಡುವಿನಿಂದ ಹನ್ನೊಂದನೆಯದರ ನಡುವಿನವರೆಗೆ ಹೆಜ್ಜೆ ಹಾಕಿ ಅಳೆಯಿರಿ. ಕಿಟಕಿಗೊಂದು ಕೋಣೆಯಾದರೆ 25 ಮೀಟರ್ ಆಸುಪಾಸು ಬರಬೇಕು. ಬಂದದ್ದನ್ನು ಇಲ್ಲಿ ಹಾಕಿ, ನನ್ನ ಭಾಗಾಕಾರ ಸರಿಯೋ ತಪ್ಪೋ ನೋಡುವ.